ಚೋಲಾಳಿಗೆ ‘ಇಲ್ಲ’ ಎನ್ನಲು ಕಲಿಸುವವರು

ಬೆಳಕು ಹರಿಯುತ್ತಿದೆ. ಜಾಂಬಿಯಾದ ಒಂದು ಗಣಿ ಊರಿನ ರಿಮ್ಯಾಂಡ್ ಹೋಮ್ ಹಿತ್ತಲಲ್ಲಿ ಮೇಟ್ರನ್ ಫೆಲಿಸ್ತಾಸ್ ಕಸುಬಾ ಮಂಡಿಯೂರಿ ಕುಳಿತಿದ್ದಾರೆ. ಎದುರಿಗೆ ಹದಿನಾರರ ಚೋಲಾ, ಹುಟ್ಟು ಕಿವುಡಿ. ಫೆಲಿಸ್ತಾಸ್ ಬೆಂಕಿಕಡ್ಡಿ ಗೀರಿ ಉರಿಯನ್ನು ತೋರಿಸುತ್ತಾರೆ, ಆಮೇಲೆ ಹುಡುಗಿಯ ಎದೆಯತ್ತ ಬೆರಳು ಮಾಡುತ್ತಾರೆ. ಹಚ್ಚಿದ್ದು ನೀನಾ? ಚೋಲಾ ನಗುತ್ತಾ ಹೌದೆಂದು ತಲೆಯಾಡಿಸುತ್ತಾಳೆ. ಫೆಲಿಸ್ತಾಸ್ ಅವಳ ಗಲ್ಲ ಹಿಡಿದು ಎಡಕ್ಕೂ ಬಲಕ್ಕೂ ತಿರುಗಿಸುತ್ತಾರೆ: ಇಲ್ಲ ಅನ್ನಬೇಕು.

“ಏನ್ ಬಾ ಮಾಯೊ, ಕಿವುಡಿಗೆ ಪಾಠ ಮುಗೀತಾ?” ಕಾವಲಿನ ಸಿಂಕಾಲಾ ಕೆಣಕುತ್ತಾನೆ. ‘ಬಾ ಮಾಯೊ’ ಎಂದರೆ ಅಲ್ಲಿನ ಮಾತಿನಲ್ಲಿ ಅಮ್ಮ.

“ನಿನ್ ಕಿವಿ ನೆಟ್ಟಗಿದ್ದು ಏನ್ ಉದ್ಧಾರ ಆದೆಯಪ್ಪ? ಹೋಗಿ ಗೇಟು ತೆಗಿ.”

ಮಾರುಕಟ್ಟೆಯಲ್ಲಿ ಅಂಗಡಿಯೊಂದಕ್ಕೆ ಬೆಂಕಿ ಬಿದ್ದಾಗ ಕೂಗು ಕೇಳಿ ಎಲ್ಲರೂ ಓಡಿದರು. ಕೂಗು ಕೇಳಿಸದ ಚೋಲಾ ಅಲ್ಲೇ ನಿಂತಿದ್ದಳು. ಪೊಲೀಸರ ಕೈಗೆ ಸಿಕ್ಕಿದವಳು ಅವಳೊಬ್ಬಳೇ. “ಅರ್ಥ ಆಗ್ದಿದ್ರೂ ನಕ್ಕು ತಲೆ ಆಡ್ಸಿದ್ರೆ ಏಟು ತಪ್ಪುತ್ತೆ ಅಂತ ಈ ಮಕ್ಳು ಚಿಕ್ಕಂದಿನಲ್ಲೇ ಕಲ್ತ್‌ಬಿಟ್ಟಿರ್ತಾವೆ. ಅದನ್ನ ಬಿಡಿಸೋದೇ ನನ್ ಕೆಲ್ಸ,” ಎನ್ನುತ್ತಾರೆ ಫೆಲಿಸ್ತಾಸ್.

ಅವರ ಕೈಭಾಷೆ ಶಾಲೆಯದಲ್ಲ. ತೀರಿಹೋದ ಕಿವುಡ ತಮ್ಮನ ಜೊತೆ ಮನೆಯಲ್ಲೇ ಹುಟ್ಟಿಕೊಂಡದ್ದು. ಮೂರ್ಛೆರೋಗದವನಿಗೆ ಮಾತ್ರೆ ನುಂಗಿಸುವುದು, ಕಾಲಿಲ್ಲದವನನ್ನು ಕಕ್ಕಸಿಗೆ ಎತ್ತಿಕೊಂಡು ಹೋಗುವುದು, ಬುದ್ಧಿ ಬೆಳೆಯದವನು ಅಮ್ಮನನ್ನು ಕೇಳಿ ಅತ್ತಾಗ ಉಬ್ವಾಲಿ ಮುದ್ದೆ ತಿನ್ನಿಸಿ ಮಲಗಿಸುವುದು, ಎಲ್ಲವೂ ಅವರದೇ. ವರದಿಗೆಂದು ನಾನು ಹೋದ ದಿನ ಅವರಿಗೆ ಕುಳಿತು ಚಹಾ ಕುಡಿಯಲೂ ಪುರುಸೊತ್ತಿಲ್ಲ.

ಅದೇ ದಿನ ಚೋಲಾಳ ವಿಚಾರಣೆ. ನ್ಯಾಯಾಲಯಕ್ಕೆ ಕೈಭಾಷೆಯ ದುಭಾಷಿ ಇವತ್ತೂ ಬಂದಿಲ್ಲ. ಫೆಲಿಸ್ತಾಸ್ ಎದ್ದು ನಿಲ್ಲುತ್ತಾರೆ. “ನಾನು ಹೇಳ್ತೀನಿ ಸ್ವಾಮಿ, ಅವ್ಳಿಗೆ ನನ್ ಕೈ ಅರ್ಥ ಆಗುತ್ತೆ.”

“ಸರ್ಟಿಫಿಕೇಟ್ ಇದ್ಯಾ?” ಗುಮಾಸ್ತ ಕೇಳುತ್ತಾನೆ. ಇಲ್ಲ. ಅವರನ್ನು ಹಿಂದಿನ ಬೆಂಚಿಗೆ ಕಳಿಸುತ್ತಾರೆ.

ನ್ಯಾಯಾಧೀಶರು ಕೆಟ್ಟವರಲ್ಲ. ಮುಂದಕ್ಕೆ ಬಾಗಿ, ಮೆಲ್ಲಗೆ, ನಗುಮುಖದಿಂದಲೇ ಕೇಳುತ್ತಾರೆ: “ಬೆಂಕಿ ಹಚ್ಚಿದ್ದು ನೀನೇನಾ ಮಗಳೇ?” ಚೋಲಾ ಹಿಂದೆ ತಿರುಗಿ ಫೆಲಿಸ್ತಾಸರನ್ನು ಹುಡುಕುತ್ತಾಳೆ. ನಡುವೆ ಪೊಲೀಸಿನವನ ಬೆನ್ನು ಅಡ್ಡ. ಅವಳು ನ್ಯಾಯಾಧೀಶರ ನಗುವಿಗೆ ನಗುತ್ತಾಳೆ, ತಲೆಯಾಡಿಸುತ್ತಾಳೆ. ದೂರದ ಸುಧಾರಣಾ ಶಾಲೆಯಲ್ಲಿ ಎರಡು ವರ್ಷ.

“ಅವ್ಳೇ ಹೌದು ಅಂದ್ಲಲ್ಲ ಅಂತ ಆಮೇಲೆ ಎಲ್ರೂ ನನಗೇ ಹೇಳಿದ್ರು,” ಎನ್ನುತ್ತಾರೆ ಫೆಲಿಸ್ತಾಸ್.

ಸಂಜೆ ವ್ಯಾನು ಹೊರಟುಹೋದ ಮೇಲೂ ಅವರು ಗೇಟಿನ ಬಳಿಯೇ ನಿಂತಿದ್ದಾರೆ. ತೋಳಿನ ಮೇಲೆ ಮಡಚಿದ ಕಂಬಳಿ.

“ವರ್ಷ ಅಂತ ಕೈಯಲ್ಲಿ ಹೇಗ್ ಹೇಳ್ಲಿ? ಎರಡು ಬೆರಳು ತೋರ್ಸ್ದೆ. ಅವ್ಳು ಸೂರ್ಯನ್ನ ಎರಡು ಸಲ ಮುಳುಗ್ಸಿ ತೋರ್ಸಿ, ಅಷ್ಟೇನಾ ಅಂತ ನಕ್ಳು. ನಾಡಿದ್ದು ಬಂದು ತಗೋತೀನಿ, ಇಟ್ಕೊಂಡಿರು ಅಂತ ಇದನ್ನ ಕೊಟ್ಟು ಹೋದ್ಳು.” ಕಂಬಳಿಯ ಮಡಿಕೆ ಸರಿಮಾಡುತ್ತಾ ಹೇಳುತ್ತಾರೆ: “ನನಗೆ ದೊಡ್ಡದೇನೂ ಬೇಡ. ಅಲ್ಲಿ ಯಾರಾದ್ರೂ ಒಬ್ರು ಅವ್ಳ ಎದುರು ಕೂತು, ಎರಡು ದಿನ ಅಲ್ಲ ಅಂತ ನಿಜ ಹೇಳ್ಲಿ. ನನ್ ಕೈಲಿ ಆಗ್ಲಿಲ್ಲ.”