ಬಸಮ್ಮಜ್ಜಿ ಕಿವಿಗೊಟ್ಟ ಗುಟುಕು

ಮಗು ಹಾಲು ಕುಡಿಯಲು ಶುರು ಮಾಡಿದರೆ ಬಸಮ್ಮಜ್ಜಿಯ ಬಾಯಿ ಕಟ್ಟಿಹೋಗುತ್ತಿತ್ತು. ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಹಿಡಿದ ಮಾತನ್ನು ನೀರು ಎರೆದು ಮುಗಿಸುವವರೆಗೂ ಬಿಡದ ಹೆಂಗಸು, ಆಗ ಮಾತ್ರ ಅರ್ಧಕ್ಕೇ ನಿಲ್ಲಿಸಿ, ತಲೆ ವಾರೆ ಮಾಡಿ, ಮಗುವಿನ ಗಂಟಲ ಸದ್ದಿಗೆ ಕಿವಿಗೊಡುತ್ತಿದ್ದಳು. ಗುಟುಕು ಇಳಿದದ್ದು ಕೇಳಿಸಿದ ಮೇಲೆ "ಇಳೀತೈತೆ ಬಿಡು" ಎನ್ನುತ್ತಿದ್ದಳು. ಆಮೇಲೆ ನಿಲ್ಲಿಸಿದಲ್ಲಿಂದಲೇ ಮತ್ತೆ ಮಾತು.

ನನಗೆ ತಾಯಿಯಿಲ್ಲ. ಹಾಗಾಗಿ ಬಾಣಂತನ ತವರಿನಲ್ಲಿ ಆಗಲಿಲ್ಲ, ಅರಸೀಕೆರೆಯ ಗಂಡನ ಮನೆಯಲ್ಲೇ ಆಯಿತು. ಅಲ್ಲಿ ಅತ್ತೆಯೂ ಇರಲಿಲ್ಲ. ಗಂಡ ಕೊಬ್ಬರಿ ಮಂಡಿಗೆ ಹೋದರೆ ಕತ್ತಲಾಗುವವರೆಗೆ ಮನೆಯಲ್ಲಿ ನಾನು, ಮಗು, ಆಗಾಗ ಹಾದುಹೋಗುವ ರೈಲಿನ ಸದ್ದು. ಮಗುವಿಗೆ ಎರೆಯಲು ಗೊತ್ತು ಮಾಡಿದ್ದ ಬಸಮ್ಮಜ್ಜಿ ಯಾವಾಗ ಬಾಗಿಲು ತಟ್ಟುತ್ತಾಳೋ ಎಂದು ಕಾಯುತ್ತಿದ್ದೆ. ಯಾರಾದರೂ ಬಂದು ನನ್ನನ್ನು ಬೈಯಲಿ ಅನ್ನುವಷ್ಟು ಒಂಟಿಯಾಗಿದ್ದೆ. ಆ ಕೆಲಸವನ್ನು ಅವಳು ಚೆನ್ನಾಗಿಯೇ ಮಾಡುತ್ತಿದ್ದಳು.

"ಕಿವಿಗೆ ಹತ್ತಿ ಎಲ್ಲವ್ವ? ಇಂಗೆ ಬಿಟ್ಕಂಡು ಓಡಾಡುದ್ರೆ ಗಾಳಿ ಒಳೀಕೆ ಓಗಾಕಿಲ್ವಾ?" ಎಂದು ಗದರಿಕೊಂಡೇ ಬಚ್ಚಲಿಗೆ ನಡೆಯುವಳು. ಮಣೆಯ ಮೇಲೆ ಕಾಲು ಚಾಚಿ ಕೂತು, ನನ್ನ ಮಗಳನ್ನು ಕಾಲ ಮೇಲೆ ಮಲಗಿಸಿಕೊಂಡು, ತನ್ನದೇ ಹಿತ್ತಾಳೆ ಬಟ್ಟಲಿನಿಂದ ಹರಳೆಣ್ಣೆ ತೆಗೆದು ತೀಡುವಳು. ಮೂಗನ್ನು ಎಷ್ಟು ತೀಡಿದರೂ ಅದು ನೆಟ್ಟಗಾಗದು. "ನಿಮ್ಮಪ್ಪನ ಮೂಗು ಕಣೇ ಇದು, ನಾನೇನ್ ಮಾಡ್ಲಿ" ಎಂದು ಮಗುವಿಗೇ ದೂರು ಹೇಳುವಳು. ಕರಟದ ಕೆಂಡಕ್ಕೆ ಸಾಮ್ರಾಣಿ ಹಾಕಿ, ನನ್ನನ್ನು ಕೊಬ್ಬರಿ ಮೂಟೆಯ ಹಾಗೆ ಸುತ್ತಿ ಕೂರಿಸಿದ ಮೇಲೆಯೇ ಅವಳಿಗೆ ಸಮಾಧಾನ.

ಇನ್ನೊಂದು ಮಗು ಸದ್ಯಕ್ಕೆ ಬೇಡವೆಂದು ನಾನು ಡಾಕ್ಟರಮ್ಮನನ್ನು ಕೇಳಿ ಮಾತ್ರೆ ತಂದು ಗೋಡೆಯ ಗೂಡಿನಲ್ಲಿ ಇಟ್ಟುಕೊಂಡಿದ್ದೆ, ಅಜ್ಜಿಗೂ ಹೇಳಿದ್ದೆ. ಇನ್ನೂ ಶುರು ಮಾಡಿರಲಿಲ್ಲ. ಮರುದಿನ ನೋಡಿದರೆ ಗೂಡಿನಲ್ಲಿ ಮಾತ್ರೆಯಿಲ್ಲ. ಹುಡುಕಿ ಹುಡುಕಿ ಸಾಕಾಗಿ ಬಚ್ಚಲೊಲೆಯ ಬೂದಿ ಕೆದಕಿದರೆ ಅದರೊಳಗೆ ಮಾತ್ರೆಯ ಪಟ್ಟಿ ಸುಟ್ಟು ಮುದುಡಿಕೊಂಡು ಬಿದ್ದಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಇದು ನಿಮಗೆ ಸಂಬಂಧಪಟ್ಟಿದ್ದಲ್ಲ ಎಂದು ಕೂಗಾಡಿದೆ.

ಅಜ್ಜಿ ಎಣ್ಣೆ ಕೈಯನ್ನು ಸೆರಗಿಗೆ ಒರೆಸಿಕೊಂಡು, "ಬಯ್ಯವ್ವ. ಎಷ್ಟಾರಾ ಬಯ್ಯಿ. ಆದ್ರೆ ಮಗೀಗೆ ಇಸ ಉಣ್ಸ್ಬೇಡ. ನಾನು ಉಣ್ಸಿವ್ನಿ" ಎಂದಳು.

ಬೇಲೂರಿನ ಹತ್ತಿರ ಗೆಂಡೆಹಳ್ಳಿಯ ಕಡೆಗೆ ಮದುವೆಯಾಗಿ ಹೋಗಿದ್ದವಳು ಅವಳು. ಮೊದಲ ಹೆರಿಗೆಯಲ್ಲಿ ಸತ್ತು ಬದುಕಿದ್ದಳು. ಮತ್ತೆ ಬಸುರಾದರೆ ಉಳಿಯುವುದಿಲ್ಲವೆಂಬ ಹೆದರಿಕೆಗೆ, ಯಾರೋ ಪೇಟೆಯಿಂದ ತಂದುಕೊಟ್ಟ ಮಾತ್ರೆಯನ್ನು ಕದ್ದು ನುಂಗಿದಳು. ಕೂಸಿನ ಹೆಸರು ಗಿರಿಜೆ. ಕೆಲವೇ ದಿನಗಳಲ್ಲಿ ಹಾಲು ಕಡಿಮೆಯಾಗಿ ಕೂಸು ಸೊರಗಿತು. ಅತ್ತೆಯ ಕೈಗೆ ಮಾತ್ರೆ ಸಿಕ್ಕಿತು. ಹಾಲಿಗೆ ವಿಷ ಹಾಕಿದಳೆಂದು ಮನೆಮಂದಿಯೆಲ್ಲ ಸೇರಿ ಕೂಸನ್ನು ಕಿತ್ತುಕೊಂಡು, ಆಗ ಹಾಲೂಡಿಸುತ್ತಿದ್ದ ವಾರಗಿತ್ತಿಯ ಮಡಿಲಿಗೆ ಹಾಕಿದರು. ಗಿರಿಜೆ ಅಲ್ಲೇ ಬೆಳೆದಳು. ಹೆತ್ತವಳು ಯಾರೆಂದು ಗೊತ್ತಿದ್ದೂ ದೊಡ್ಡಮ್ಮನನ್ನು ಅವ್ವ ಎಂದಳು, ಹೆತ್ತವಳನ್ನು ಚಿಕ್ಕಮ್ಮ ಎಂದಳು. ಗಂಡ ಸತ್ತ ಮೇಲೆ ಬಸಮ್ಮಜ್ಜಿ ಅರಸೀಕೆರೆಗೆ ಬಂದು ಒಂದು ಕೋಣೆ ಹಿಡಿದು, ಊರವರ ಮಕ್ಕಳಿಗೆಲ್ಲ ನೀರೆರೆದಳು. ಗಿರಿಜೆಯ ಬಾಣಂತನಕ್ಕೆ ಮಾತ್ರ ಅವಳನ್ನು ಯಾರೂ ಕರೆಯಲಿಲ್ಲ.

ಇದನ್ನೆಲ್ಲ ಅವಳ ಬಾಯಿಂದ ಕೇಳಿದ ಮೇಲೆ ನಾನು ಮಗುವನ್ನೂ ಅಜ್ಜಿಯನ್ನೂ ಆಟೋದಲ್ಲಿ ಕೂರಿಸಿಕೊಂಡು ಡಾಕ್ಟರಮ್ಮನ ಹತ್ತಿರ ಹೋದೆ. ಅವರು ಸುಟ್ಟುಹೋದದ್ದರ ಬದಲಿಗೆ ಅದೇ ಮಾತ್ರೆಯನ್ನು ಮತ್ತೆ ಬರೆದುಕೊಟ್ಟು, ಅಜ್ಜಿಗೂ ತಿಳಿಯುವ ಹಾಗೆ ಹೇಳಿದರು. "ಇದ್ರಲ್ಲಿ ಎರಡು ಥರ ಇದೆ ಅಜ್ಜಿ. ನಾನು ಕೊಟ್ಟಿರೋದು ಒಂದೇ ಹಾರ್ಮೋನಿಂದು, ಹಾಲುಣಿಸೋರಿಗೆ ಆಗುತ್ತೆ. ಹಾಲಲ್ಲಿ ಚೂರು ಹೋದ್ರೂ ಮಗೂಗೆ ಏನೂ ಆಗಲ್ಲ. ದಿನಾ ಅದೇ ಹೊತ್ತಿಗೆ ತಗೋಬೇಕು, ಅಷ್ಟೆ. ಎರಡು ಹಾರ್ಮೋನು ಸೇರಿರೋದನ್ನ ಮೊದಲ ತಿಂಗಳುಗಳಲ್ಲಿ ನಾವು ಕೊಡಲ್ಲ, ಕೆಲವರಿಗೆ ಹಾಲು ಕಡಿಮೆ ಆಗಬಹುದು, ಹೆರಿಗೆ ಆದ ಹೊಸದ್ರಲ್ಲಿ ತಾಯಿಗೂ ಒಳ್ಳೇದಲ್ಲ. ಅದಕ್ಕೇ ಮಾತ್ರೆ ಕೇಳುವಾಗ ಹಾಲು ಕೊಡ್ತಿದೀನಿ ಅಂತ ಮೊದಲು ಹೇಳಬೇಕು."

ಅಜ್ಜಿ ಕುರ್ಚಿಯ ಹಿಂದೆಯೇ ನಿಂತಿದ್ದಳು. "ಎರಡು ಸೇರಿರಾದು ನುಂಗುದ್ರೆ ಹಾಲು ಇಸ ಆಯ್ತದಾ ತಾಯಿ?"

"ಇಲ್ಲ ಅಜ್ಜಿ. ಕಡಿಮೆ ಆಗಬಹುದು. ಮೈಯಲ್ಲಿ ಶಕ್ತಿ ಇಲ್ದಿದ್ರೂ ಆಗುತ್ತೆ, ಯಾವುದರಿಂದ ಅಂತ ಈಗ ಹೇಳಕ್ಕಾಗಲ್ಲ. ವಿಷ ಅಂತೂ ಆಗಲ್ಲ."

ಹೊರಗೆ ಬಂದವಳು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಳು. "ಅಂಗಾರೆ ನಾನು ಇಸ ಉಣ್ಸಿಲ್ಲ" ಎಂದಳು. ಮತ್ತೆ, "ಯಾರ್ಗೆ ಯೋಳ್ಲವ್ವ? ಅಂದೋರೆಲ್ಲ ಮಣ್ಣಾಗವ್ರೆ" ಎಂದಳು. ಗಿರಿಜೆ ಇದ್ದಾಳಲ್ಲ, ಅವಳಿಗೆ ಹೇಳಿ ಎಂದೆ. ಅವಳು ಎದ್ದು ಆಟೋದ ಕಡೆಗೆ ನಡೆದಳು.

ಮಾರನೆಯ ದಿನ ಮಗು ಹಾಲು ಕುಡಿಯುತ್ತಿದ್ದಾಗ ಅಜ್ಜಿ ಮಾತಾಡುತ್ತಲೇ ಇದ್ದಳು. ಸೊಪ್ಪಿನವಳ ಜಗಳದಿಂದ ಹಿಡಿದು ಏನೇನೋ ಹೇಳಿದಳು, ಗುಟುಕಿಗೆ ಕಿವಿಗೊಡಲಿಲ್ಲ. ನನಗೆ ಖುಷಿಯಾಗಿ ನಕ್ಕುಬಿಟ್ಟೆ. "ನಾಳೀಕೆ ಬರಾಕಿಲ್ಲ ಕಣವ್ವ. ಬೇಲೂರು ಬಸ್ ಅತ್ತಿ ಗಿರಿಜೆ ತಾವ ಓಗ್ಬತ್ತೀನಿ" ಎಂದು ಹೋದಳು.

ಹೋದ ದಿನವೇ ಸಂಜೆಗೆ ವಾಪಸು ಬಂದಳಂತೆ. ಮಾರನೆಯ ದಿನ ಎರೆಯಲು ಬಂದಾಗ ಏನಾಯಿತೆಂದು ನಾನೇ ಕೇಳಬೇಕಾಯಿತು. "ಕಾಪಿ ಕೊಟ್ಲು. ಎಲ್ಲಾ ಕೇಳುಸ್ಕಂಡ್ಲು. ಅವುದಾ ಚಿಕ್ಕಮ್ಮ ಅಂದ್ಲು. ಬಸ್ಸಿಗೆ ಒತ್ತಾಯ್ತದೆ ಅಂತ ಸ್ಟ್ಯಾಂಡ್‌ಗಂಟ ಬಂದು ಬಿಟ್ಟೋದ್ಲು." ಅಷ್ಟು ಹೇಳುವ ಹೊತ್ತಿಗೆ ಮಗು ಹಾಲಿಗೆ ಬಾಯಿ ಹಾಕಿತು. ಅಜ್ಜಿ ಹಳೆಯ ಹಾಗೆಯೇ ತಲೆ ವಾರೆ ಮಾಡಿ ಕೂತಳು. ಗುಟುಕು ಚೆನ್ನಾಗಿಯೇ ಕೇಳಿಸುತ್ತಿತ್ತು. "ಇಳೀತೈತೆ" ಎಂದು ಅವಳು ಹೇಳಲಿಲ್ಲ.

ಚಳಿಗಾಲದಲ್ಲಿ ಬಸಮ್ಮಜ್ಜಿ ತೀರಿಕೊಂಡಳು. ನಾಲ್ಕು ದಿನದ ಜ್ವರ ಅಷ್ಟೆ. ನನ್ನ ಮಗಳು ಆಗ ತೆವಳುತ್ತಿದ್ದಳು. ನಾನು ಮಾತ್ರೆ ನುಂಗುತ್ತಲೇ ಇದ್ದೆ, ಮಗಳು ಹಾಲು ಕುಡಿಯುತ್ತಲೇ ಇದ್ದಳು. ಮನೆ ಮಾತ್ರ ಮತ್ತೆ ಮೊದಲಿನ ಹಾಗೆ ಬಿಕೋ ಎನ್ನತೊಡಗಿತು.

ಕೋಣೆ ಖಾಲಿ ಮಾಡಲು ಬಂದ ಗಿರಿಜೆ, ಯಾರೋ ಹೇಳಿದರೆಂದು ನಮ್ಮ ಮನೆ ಹುಡುಕಿಕೊಂಡು ಬಂದಳು. ತಲೆಯಲ್ಲಿ ಅರ್ಧ ನರೆತ ಕೂದಲು, ಅಜ್ಜಿಯದೇ ಗಲ್ಲ. ಅಜ್ಜಿ ನಮ್ಮ ಬಚ್ಚಲಲ್ಲೇ ಬಿಟ್ಟಿದ್ದ ಹಿತ್ತಾಳೆ ಬಟ್ಟಲನ್ನು ನಾನು ತಂದುಕೊಟ್ಟೆ. ಅದನ್ನು ಮೂಸಿ ನೋಡಿ, ಬಚ್ಚಲ ಬಾಗಿಲಿಗೆ ಹೋಗಿ, ಮಣೆಯನ್ನೇ ನೋಡುತ್ತಾ ನಿಂತಳು.

"ಅವ್ವ ಇಲ್ಲೇ ಕೂತು ಎರೀತಿತ್ತಾ?" ಎಂದು ಕೇಳಿದಳು.

ಹೌದು, ಇಲ್ಲೇ ಎಂದೆ. ಗಿರಿಜೆ ಅವ್ವ ಎಂದಳು ಅನ್ನುವ ಆ ಒಂದು ಮಾತನ್ನು ಈಗಲೇ ಓಡಿಹೋಗಿ ಹೇಳಿಬರಬೇಕು ಅನ್ನಿಸಿತು. ಯಾರಿಗೆ ಹೇಳಲಿ?