ಐವತ್ತೇಳು ಕೂಗುಗಳು

ನನ್ನ ಮೈದಾನದ ಪುಸ್ತಕದಲ್ಲಿ ನವೆಂಬರ್ ತಿಂಗಳ ಮೂರನೇ ಶನಿವಾರದ ಪುಟ ಇನ್ನೂ ಹಾಗೆಯೇ ಇದೆ. ಹರಿದು ಹಾಕಬಹುದಿತ್ತು, ಹಾಕಲಿಲ್ಲ. ನಲವತ್ತು ನಿಮಿಷದ ಆಟದಲ್ಲಿ ಒಬ್ಬ ತಂದೆ ಮಗಳ ಆಟ ನೋಡುತ್ತ ಎಷ್ಟು ಸಲ ಕೂಗಿದರು ಎಂಬುದನ್ನು ಆ ಪುಟದಲ್ಲಿ ಗೆರೆ ಎಳೆದು ಲೆಕ್ಕ ಇಟ್ಟಿದ್ದೇನೆ. ಐವತ್ತೇಳು ಸಲ. ಆ ಲೆಕ್ಕವನ್ನು ಹಿಡಿದುಕೊಂಡೇ ನಾನು ಅವರ ಬಾಯಿ ಮುಚ್ಚಿಸಿದ್ದು. ಅದರಿಂದ ಆ ಹುಡುಗಿಯ ಆಟ ನಿಂತೇ ಹೋಗುವುದರಲ್ಲಿತ್ತು.

ಬರೆದಿಡುವುದು ನನಗೆ ಉದ್ಯೋಗದಿಂದ ಬಂದ ಅಭ್ಯಾಸ. ಹೊಸಂಗಡಿಯಲ್ಲಿ ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ನನ್ನ ಕೆಲಸ. ಯಾರ ರಕ್ತ, ಎಷ್ಟು ಗಂಟೆಗೆ ತೆಗೆದದ್ದು, ಯಾವ ಕೊಳವೆಗೆ ಹಾಕಿದ್ದು, ಎಲ್ಲವನ್ನೂ ಆಗಿಂದಾಗಲೇ ಬರೆಯಬೇಕು. ಕಾಲೇಜಿನಲ್ಲಿ ನಾಲ್ಕು ವರ್ಷ ಫುಟ್‌ಬಾಲ್ ಆಡಿದ್ದರಿಂದ, ಒಂದು ಸಣ್ಣ ಕೋಚಿಂಗ್ ಕೋರ್ಸನ್ನೂ ಮುಗಿಸಿದ್ದರಿಂದ, ಊರಿನವರು ಕೇಳಿಕೊಂಡ ಮೇಲೆ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಶನಿವಾರ, ಭಾನುವಾರ ಬೆಳಿಗ್ಗೆ ಕಲಿಸಲು ಒಪ್ಪಿಕೊಂಡೆ. ಹದಿನೆಂಟು ಮಕ್ಕಳು, ಅವರಲ್ಲಿ ಐದು ಹುಡುಗಿಯರು. ಮೀಂಜದ ಕಡೆಗೆ ಹೋಗುವ ರಸ್ತೆಯ ಪಕ್ಕದ ಶಾಲಾ ಮೈದಾನ. ಹುಲ್ಲಿಲ್ಲ, ಮುರಕಲ್ಲಿನ ಗಟ್ಟಿ ನೆಲ. ಬಿದ್ದರೆ ಮೊಣಕಾಲಿನ ಚರ್ಮ ನೆಲಕ್ಕೇ ಸೇರುತ್ತದೆ. ಪುಸ್ತಕದಲ್ಲಿ ಗಾಯಕ್ಕೂ ಒಂದು ಕಲಂ ಇತ್ತು.

ಮಕ್ಕಳು ನನಗೆ ಎಂದೂ ಕಷ್ಟವಾಗಲಿಲ್ಲ. ಕಷ್ಟವಾದದ್ದು ಗೆರೆಯ ಹೊರಗೆ ನಿಂತವರು. ನಮ್ಮ ಕಡೆ ಏಳೇಳು ಜನರ ಫುಟ್‌ಬಾಲ್ ಆಟವನ್ನು ಗದ್ದೆಯಲ್ಲಿ, ಮೈದಾನದಲ್ಲಿ ನೋಡಿಯೇ ಎಲ್ಲರೂ ದೊಡ್ಡವರಾದದ್ದು. ಹಾಗಾಗಿ ಆಟ ಗೊತ್ತಿಲ್ಲ ಎಂದು ಹೇಳುವ ಅಪ್ಪ ಒಬ್ಬನೂ ಇಲ್ಲ. ಒಬ್ಬ ತಾಯಿ ವಿಡಿಯೋ ಕಾಲ್ ಹಚ್ಚಿದ ಫೋನನ್ನು ನನ್ನ ಮುಖಕ್ಕೆ ಹಿಡಿಯುತ್ತಿದ್ದರು. ಒಳಗಿಂದ ಶಾರ್ಜಾದಲ್ಲಿದ್ದ ಅಪ್ಪ ಕೇಳುತ್ತಿದ್ದರು: “ಟೀಚರ್, ನನ್ನ ಮಗನನ್ನು ಹಿಂದೆ ಎಂತಕ್ಕೆ ನಿಲ್ಲಿಸಿದ್ದು? ಅವನು ಗೋಲು ಹೊಡೆಯುವವ ಅಲ್ವಾ?” ಅದೇ ಹುಡುಗ ಆಗ ಫೋನಿನ ಹಿಂದೆ ನಿಂತು ಶೂ ಲೇಸನ್ನು ಕಚ್ಚುತ್ತಿದ್ದ.

ಎಲ್ಲರಿಗಿಂತ ಜೋರು ಸ್ವರ ನಾನು ಲೆಕ್ಕ ಇಟ್ಟ ಆ ತಂದೆಯದು. ಬೈಕಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಒಳಗಿನ ಊರುಗಳಿಗೆ ಮೀನು ಮಾರಲು ಹೋಗುವವರು. ಶನಿವಾರ ಬೆಳಿಗ್ಗೆ ಬಂದರಿನಿಂದ ನೇರ ಮೈದಾನಕ್ಕೆ ಬಂದು, ಪೆಟ್ಟಿಗೆಯ ಮೇಲೆ ಒದ್ದೆ ಗೋಣಿ ಹಾಕಿ, ಬೈಕನ್ನು ನೆರಳಿನಲ್ಲಿ ನಿಲ್ಲಿಸಿ ಮಗಳ ಆಟ ನೋಡುತ್ತಿದ್ದರು. ಮಗಳಿಗೆ ಹನ್ನೊಂದು ವರ್ಷ. ಚೆಂಡನ್ನು ಕಾಲಿಗೆ ಅಂಟಿಸಿಕೊಂಡು ಓಡುತ್ತಿದ್ದಳು. ಆ ತಂಡದಲ್ಲಿ ಅವಳಷ್ಟು ಚೆನ್ನಾಗಿ ಪಾಸ್ ಕೊಡುವವರು ಇನ್ನೊಬ್ಬರಿರಲಿಲ್ಲ. ಸೇರಿಸಿದ ದಿನವೇ ಅವರು ನನ್ನೊಡನೆ ಹೇಳಿದ್ದರು: “ಟೀಚರ್, ಅವಳನ್ನು ಎಡದ ಗೆರೆ ಹತ್ತಿರ ಹಾಕಿ, ಆಯ್ತಾ? ಅಲ್ಲಿ ಚಂದ ಆಡ್ತಾಳೆ.” ಯಾರ ಮಗು ಎಲ್ಲಿ ಆಡಬೇಕು ಎಂದು ಅಪ್ಪ ಅಮ್ಮ ಹೇಳಬಾರದು ಎಂಬುದು ನನ್ನ ನಿಯಮ. ನಾನು ಅವಳನ್ನು ಮೈದಾನದ ನಡುವೆಯೇ ನಿಲ್ಲಿಸಿದೆ.

ಅಂದಿನಿಂದ ಕೂಗು ಶುರುವಾಯಿತು. “ಲೆಫ್ಟ್! ಲೆಫ್ಟ್ ಮಗಾ! ಲೆಫ್ಟ್ ಬಂತು!” ಬಂದರಿನ ಗದ್ದಲದಲ್ಲಿ ಹರಾಜು ಕೂಗಿ ಪಳಗಿದ ಸ್ವರ. ನಾನು ಈಚೆಯಿಂದ ಹೇಳಿದ್ದು ಮಕ್ಕಳಿಗೆ ಕೇಳುತ್ತಲೇ ಇರಲಿಲ್ಲ. ಮಕ್ಕಳು ಸ್ವಂತವಾಗಿ ಯೋಚಿಸಲು ಗೆರೆಯ ಹೊರಗೆ ಮೌನವಿರಬೇಕು ಎಂದು ಕೋರ್ಸಿನಲ್ಲಿ ಕಲಿಸಿದ್ದರು. ಎರಡು ಸಲ ಮೆಲ್ಲಗೆ ಹೇಳಿದೆ. “ಆಯ್ತು ಟೀಚರ್, ಇನ್ನು ಇಲ್ಲ” ಎನ್ನುತ್ತಿದ್ದರು. ಐದು ನಿಮಿಷದಲ್ಲಿ ಮತ್ತೆ “ಲೆಫ್ಟ್!”

ಮೂರನೇ ಶನಿವಾರ ಪಕ್ಕದ ಊರಿನ ಮಕ್ಕಳೊಂದಿಗೆ ಆಟ. ಅಂದು ನಾನು ಆಟ ನೋಡಲೇ ಇಲ್ಲ ಎಂದರೂ ಸರಿ. ಪುಸ್ತಕದಲ್ಲಿ ನಾಲ್ಕು ಕಲಂ ಮಾಡಿ ಹೆತ್ತವರ ಕೂಗನ್ನು ಲೆಕ್ಕ ಹಾಕಿದೆ. ಹೊಗಳಿದ್ದು, ಬೈದದ್ದು, ರೆಫ್ರಿಗೆ ಹೇಳಿದ್ದು, ಆಟ ಹೇಳಿಕೊಟ್ಟದ್ದು. ಈ ತಂದೆಯ ಸಾಲಿನಲ್ಲಿ ಐದು, ಮೂರು, ಎರಡು, ನಲವತ್ತೇಳು. ಆ ನಲವತ್ತೇಳರಲ್ಲಿ ನಲವತ್ತೊಂದು ಸಲ ಒಂದೇ ಪದ. ಅದನ್ನೂ ಪಕ್ಕದಲ್ಲಿ ಬರೆದುಕೊಂಡೆ. ಅವರ ನಂತರದ ಸ್ಥಾನದಲ್ಲಿದ್ದವರದು ಒಟ್ಟು ಹತ್ತೊಂಬತ್ತು.

ಮರುದಿನ ಶಾಲೆಯ ಊಟದ ಶೆಡ್ಡಿನಲ್ಲಿ ಹೆತ್ತವರ ಸಭೆ ಕರೆದೆ. ಹೆಸರು ಹೇಳುವುದಿಲ್ಲ ಎಂದು ಮೊದಲೇ ಘೋಷಿಸಿದೆ. ಹೆಸರು ಹೇಳುವ ಅಗತ್ಯವಾದರೂ ಎಲ್ಲಿತ್ತು? “ಒಬ್ಬರು ತಂದೆ ನಲವತ್ತು ನಿಮಿಷದಲ್ಲಿ ಐವತ್ತೇಳು ಸಲ ಕೂಗಿದ್ದಾರೆ” ಎಂದು ಓದಿದ ಕೂಡಲೇ ಎಲ್ಲರ ಕತ್ತೂ ಒಂದೇ ಕಡೆಗೆ ತಿರುಗಿತು. ಎರಡು ಮಕ್ಕಳನ್ನು ಕಳಿಸುತ್ತಿದ್ದ ಒಬ್ಬ ಮಾಷ್ಟ್ರು ಮುಂದಿನ ಬೆಂಚಿನಲ್ಲಿದ್ದರು. ಮೀನಿನ ಹೆಸರು ಹಿಡಿದು ಅವರು ಕೇಳಿದರು: “ಟೀಚರ್, ಅದರಲ್ಲಿ ಬಂಗುಡೆ ಎಷ್ಟು, ಬೂತಾಯಿ ಎಷ್ಟು?”

ಶೆಡ್ ಪೂರ್ತಿ ನಕ್ಕಿತು. ನಾನು ಅವರನ್ನು ತಡೆಯಬೇಕಿತ್ತು. ತಡೆಯುವ ಬದಲು ನಗುವಿನ ಜೊತೆಗೆ ಸೇರಿ, “ಬಂಗುಡೆ ಇಲ್ಲ ಮಾಷ್ಟ್ರೇ, ನಲವತ್ತೊಂದು ಸಲ ಬರೀ ಲೆಫ್ಟ್” ಎಂದೆ. ಆ ತಂದೆಯ ಸ್ವರವನ್ನು ಅನುಕರಿಸಿ, “ಲೆಫ್ಟ್! ಲೆಫ್ಟ್ ಮಗಾ!” ಎಂದೂ ಹೇಳಿ ತೋರಿಸಿದೆ. ಅದನ್ನು ಈಗ ಬರೆಯುವಾಗ ಪೆನ್ನು ಎರಡು ಸಲ ನಿಂತಿತು.

ಆ ತಂದೆಯೂ ನಕ್ಕರು. “ಇಷ್ಟು ಸರಿಯಾಗಿ ಎಣಿಸಿದ್ದೀರಲ್ಲ ಟೀಚರ್! ನನಗೇ ಗೊತ್ತಿರಲಿಲ್ಲ ಮಾರಾಯ್ರೆ” ಎಂದರು. ಮಗಳು ಬಾಗಿಲಿನ ಬಳಿ ಚೆಂಡುಗಳ ಬಲೆ ಹಿಡಿದು ನಿಂತಿದ್ದಳು. ಅವಳು ನಗಲಿಲ್ಲ.

ಇನ್ನು ಮುಂದೆ ಹೆತ್ತವರು ರಸ್ತೆ ಬದಿಯ ಗೋಡೆಯಾಚೆಗೆ ನಿಲ್ಲಬೇಕು, ಚಪ್ಪಾಳೆ ಹೊಡೆಯಬಹುದು, ಮಾತಾಡಬಾರದು ಎಂದು ತೀರ್ಮಾನವಾಯಿತು. ಆ ರಾತ್ರಿ ಪುಸ್ತಕದಲ್ಲಿ ಬರೆದೆ: “ಸಭೆ ಚೆನ್ನಾಗಿ ಆಯಿತು.”

ಮುಂದಿನ ನಾಲ್ಕು ವಾರ ಮೈದಾನದಲ್ಲಿ ನನ್ನ ಸ್ವರ ಮಾತ್ರ ಕೇಳುತ್ತಿತ್ತು. ಆ ತಂದೆ ಗೋಡೆಯಾಚೆ ನಿಂತು ತಲೆಗೆ ಕಟ್ಟಿದ ಬೈರಾಸು ಬಿಚ್ಚಿ ಬಾಯಿಗೆ ಒತ್ತಿಕೊಂಡು ನೋಡುತ್ತಿದ್ದರು. ಮಗಳು ಚೆಂಡು ಕಳೆದುಕೊಳ್ಳತೊಡಗಿದಳು. ಮೊದಲ ವಾರ ಆರು ಸಲ, ಮತ್ತೆ ಒಂಬತ್ತು, ಹದಿಮೂರು, ಹದಿನಾಲ್ಕು. ನನ್ನಲ್ಲಿ ಎಲ್ಲಕ್ಕೂ ಲೆಕ್ಕವಿತ್ತು, ಕಾರಣವೂ ಸಿದ್ಧವಿತ್ತು. ಅಪ್ಪ ಹೇಳಿಕೊಟ್ಟು ಹೇಳಿಕೊಟ್ಟು ಕೆಡಿಸಿದ್ದಾರೆ, ಸ್ವಂತ ಬುದ್ಧಿ ಬರಲು ಸಮಯ ಬೇಕು. ನಾಲ್ಕನೇ ವಾರ ಎಲ್ಲ ಮಕ್ಕಳ ಎದುರಿಗೇ ಕೇಳಿದೆ: “ಅಪ್ಪ ಹೇಳದಿದ್ದರೆ ಆಡ್ಲಿಕ್ಕೇ ಬರುದಿಲ್ವಾ ನಿನಗೆ?” ಉಳಿದ ಅರ್ಧ ಆಟಕ್ಕೆ ಅವಳನ್ನು ಹೊರಗೆ ಕೂರಿಸಿದೆ.

ನೀರು ಕುಡಿಯುವ ಹೊತ್ತು. ಅವಳು ಒಬ್ಬಳೇ ಕುಳಿತಿದ್ದಳು. ನನಗೂ ಸ್ವಲ್ಪ ಪಾಪ ಅನ್ನಿಸಿತು. “ಹಿಡಿ” ಎಂದು ಪಕ್ಕದಿಂದ ನೀರಿನ ಬಾಟಲಿ ಎಸೆದೆ. ಅವಳು ಕೈ ಎತ್ತಲಿಲ್ಲ, ತಲೆಯನ್ನೂ ಓರೆ ಮಾಡಲಿಲ್ಲ. ಬಾಟಲಿ ನೇರವಾಗಿ ಕೆನ್ನೆಗೆ ಬಡಿಯಿತು. ಅವಳ ಬಳಿಗೆ ಓಡಿದೆ.

“ಈ ಬದಿಯಿಂದ ಬಿಸಾಡ್ಬೇಡಿ ಟೀಚರ್” ಎಂದಳು, ಕೆನ್ನೆ ಉಜ್ಜಿಕೊಳ್ಳುತ್ತ. “ನಂಗೆ ಈ ಕಣ್ಣು ಕಾಣುದಿಲ್ಲ.”

ಎಡಗಣ್ಣು. ಹುಟ್ಟುವಾಗಲೇ ಹಾಗಂತೆ. ನೋಡಲು ಎರಡೂ ಕಣ್ಣು ಒಂದೇ ತರ.

“ನನ್ನೊಡನೆ ಎಂತಕ್ಕೆ ಹೇಳಲಿಲ್ಲ?”

“ಅಪ್ಪ ಹೇಳ್ಬೇಡ ಅಂದದ್ದು. ಗೊತ್ತಾದ್ರೆ ಟೀಮಿಂದ ತೆಗೀತಾರೆ ಅಂತ.”

ಮನೆಗೆ ಬಂದು ಆ ಪುಟ ತೆರೆದೆ. ನಲವತ್ತೊಂದು. ಎಡದಿಂದ ಚೆಂಡು ಬಂದಾಗ, ಎಡದಿಂದ ಹುಡುಗರು ಮೈಮೇಲೆ ಬಿದ್ದಾಗ, ಆ ಮನುಷ್ಯ ನಲವತ್ತೊಂದು ಸಲ ಮಗಳಿಗೆ ಹೇಳಿದ್ದರು. ನಾನು ಒಂದನ್ನೂ ಬಿಡದೆ ಬರೆದುಕೊಂಡಿದ್ದೆ. ಯಾಕೆ ಒಂದೇ ಪದ, ಬಲ ಯಾಕೆ ಒಮ್ಮೆಯೂ ಇಲ್ಲ ಎಂಬ ಪ್ರಶ್ನೆ ಮಾತ್ರ ನನಗೆ ಹೊಳೆದಿರಲಿಲ್ಲ. ಲ್ಯಾಬಿನಲ್ಲಿ ಇಂಥ ಒಂದು ಸಂಖ್ಯೆ ಬಂದರೆ ಕಾರಣ ಹುಡುಕದೆ ರಿಪೋರ್ಟ್ ಕೊಡುವವಳಲ್ಲ ನಾನು.

ಮಂಗಳವಾರ ಲ್ಯಾಬಿಗೆ ಅರ್ಧ ದಿನ ರಜೆ ಹಾಕಿ ಅವರನ್ನು ಹುಡುಕಿಕೊಂಡು ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಕೂಡಿಸಿಕೊಂಡಿದ್ದೆ. ಮೀಂಜದ ಕಡೆಯ ಒಂದು ತಿರುವಿನಲ್ಲಿ ಬೈಕು ಸಿಕ್ಕಿತು. ಮೂರು ಜನ ಹೆಂಗಸರು ಪಾತ್ರೆ ಹಿಡಿದು ಚೌಕಾಶಿ ಮಾಡುತ್ತಿದ್ದರು. ನನ್ನನ್ನು ಕಂಡ ಕೂಡಲೇ ತಂದೆಯ ಕೈ ಪೆಟ್ಟಿಗೆಯೊಳಗೇ ನಿಂತಿತು. ಕೈಯನ್ನು ಗೋಣಿಗೆ ಒರೆಸಿಕೊಂಡು ರಸ್ತೆಯ ಈಚೆಗೆ ಬಂದರು.

“ಮಗಳು ಹೇಳಿದ್ಳು ಟೀಚರ್, ನಿಮಗೆ ಗೊತ್ತಾಯ್ತು ಅಂತ. ಫಾರ್ಮಿನಲ್ಲಿ ತೊಂದರೆ ಎಂತದೂ ಇಲ್ಲ ಅಂತ ಬರೆದದ್ದು ನಾನೇ. ಸುಳ್ಳು ಬರೆದದ್ದು ತಪ್ಪು. ತೆಗೀಬೇಡಿ ಟೀಚರ್. ಡಾಕ್ಟ್ರ ಚೀಟಿ ಉಂಟು. ಒಳ್ಳೆ ಕಣ್ಣಿಗೆ ಪೆಟ್ಟಾಗದ ಹಾಗೆ ಒಂದು ಕನ್ನಡಕ ಕಟ್ಟಿ ಆಡಿಸಬಹುದು ಅಂತ ಹೇಳಿದ್ದಾರೆ. ಹಿಂದೆ ಬೇರೆ ಒಂದು ಟೀಮಿನಲ್ಲಿ ಚೀಟಿ ತೋರಿಸಿದ್ದೆ, ಆಮೇಲೆ ಕರೀಲೇ ಇಲ್ಲ. ಅದಕ್ಕೆ ನಿಮ್ಮೊಡನೆ ಹೇಳ್ಲಿಲ್ಲ.”

“ಎಡದ ಗೆರೆ ಹತ್ತಿರ ಹಾಕಿ ಅಂತ ನೀವು ಹೇಳಿದ್ದು...”

“ಅದೇ. ಅಲ್ಲಿ ಆದ್ರೆ ಆ ಬದಿಯಿಂದ ಯಾರೂ ಬರುದಿಲ್ಲ ಅಲ್ವಾ?”

ಆಗ ನಾನು ಹೇಳಬೇಕಾದದ್ದು ಒಂದೇ ವಾಕ್ಯ. ಆದರೆ ಹೆಂಗಸರು ನಮ್ಮನ್ನೇ ನೋಡುತ್ತಿದ್ದರು. ಅವರಲ್ಲೊಬ್ಬರು, “ಎಂತ ಅಣ್ಣ, ಮೀನು ಬಿಸಿಲಿಗೆ ಬೇಯ್ತಾ ಉಂಟು!” ಎಂದು ಕರೆದರು. ನಾನು, “ತೆಗೆಯುದಿಲ್ಲ ಅಣ್ಣ. ಚೀಟಿ ತಗೊಂಡು ಬನ್ನಿ” ಎಂದೆ. ಅವರ ಕಣ್ಣು ತುಂಬಿತು. “ದೊಡ್ಡ ಉಪಕಾರ ಟೀಚರ್” ಎಂದರು. ಅವರು ಕೇಳಿದ ಕ್ಷಮೆಯನ್ನು ತೆಗೆದುಕೊಂಡು, ನನ್ನದನ್ನು ಕೊಡದೆ ನಾನು ಸ್ಕೂಟರ್ ತಿರುಗಿಸಿದೆ. ಊಟದ ಶೆಡ್ಡಿನಲ್ಲಿ ಮಾಡಿದ್ದಕ್ಕಿಂತಲೂ ಈ ತಿರುವಿನಲ್ಲಿ ಮಾಡಿದ್ದು ನನಗೆ ಹೆಚ್ಚು ನಾಚಿಕೆ ತರುತ್ತದೆ. ಅಲ್ಲಿ ನನಗೆ ಗೊತ್ತಿರಲಿಲ್ಲ, ಇಲ್ಲಿ ಗೊತ್ತಿತ್ತು.

ಶನಿವಾರ ಆಟಕ್ಕೆ ಮುಂಚೆ ಹೆತ್ತವರನ್ನೆಲ್ಲ ಗೋಡೆಯ ಬಳಿ ನಿಲ್ಲಿಸಿದೆ. ಕಣ್ಣಿನ ವಿಷಯ ಊರಿಗೆ ಸಾರಬೇಡಿ ಎಂದು ಆ ತಂದೆ ಫೋನಿನಲ್ಲಿ ಕೇಳಿಕೊಂಡಿದ್ದರು, ಹಾಗಾಗಿ ಅದನ್ನು ಹೇಳುವಂತಿರಲಿಲ್ಲ. ಉಳಿದದ್ದನ್ನು ಹೇಳಿದೆ. “ಆ ದಿನ ಸಭೆಯಲ್ಲಿ ನಾನು ಒಬ್ಬರ ಕೂಗನ್ನು ಎಣಿಸಿ ಓದಿ ನಗಿಸಿದೆ. ಅದು ತಪ್ಪು. ಅವರು ಮಾಡಿದ್ದು ಸರಿ ಇತ್ತು. ಅವರು ಇನ್ನು ಗೆರೆಯ ಹತ್ತಿರವೇ ನಿಲ್ಲುತ್ತಾರೆ.”

“ಅವರೊಬ್ಬರಿಗೆ ಮಾತ್ರ ಎಂತ ವಿಶೇಷ ಟೀಚರ್?” ಎಂದರು ಮಾಷ್ಟ್ರು. “ನಮ್ಮ ಮಕ್ಕಳಿಗೆ ಕಿವಿ ಇಲ್ವಾ?”

“ಕಾರಣ ಉಂಟು. ಹೇಳುದಿಲ್ಲ. ಅಂದು ನಿಮ್ಮ ಮಾತಿಗೆ ನಾನೂ ನಕ್ಕಿದ್ದೇನೆ ಮಾಷ್ಟ್ರೇ, ಅದೂ ತಪ್ಪು.”

ಅವರು ಮುಖ ತಿರುಗಿಸಿದರು. ಮುಂದಿನ ವಾರದಿಂದ ಅವರ ಎರಡೂ ಮಕ್ಕಳು ಬರಲಿಲ್ಲ. ಈಗ ಹದಿನಾರು.

ಅಂದಿನ ಆಟಕ್ಕೆ ಆ ಹುಡುಗಿಯನ್ನು ಎಡದ ಗೆರೆಗೆ ಹಾಕಿದೆ. ದಪ್ಪ ಕನ್ನಡಕ ಕಟ್ಟಿಕೊಂಡು ಓಡಿದಳು. ಗೆರೆಯ ಬಳಿ ಆಡುವಾಗ ಆ ಬದಿ ಕ್ಷೇಮ, ಆದರೆ ನಮ್ಮ ಗೋಲಿನ ಕಡೆಗೆ ತಿರುಗಿ ಚೆಂಡು ತೆಗೆದುಕೊಳ್ಳುವಾಗ ಇಡೀ ಮೈದಾನ ಅವಳ ಎಡಕ್ಕೆ ಬರುತ್ತದೆ. ಹಾಗೆ ಅವಳು ತಿರುಗಿದ ಹೊತ್ತಿಗೇ ಒಬ್ಬ ದಪ್ಪ ಹುಡುಗ ಅತ್ತಲಿಂದ ನುಗ್ಗಿ ಬಂದ. ನಾನು ತಂದೆಯ ಕಡೆ ನೋಡಿದೆ. ಅವರು ಬಾಯಿ ತೆರೆದಿದ್ದರು. ಆದರೆ ಮೊದಲು ನನ್ನ ಮುಖ ನೋಡಿದರು, ಕೂಗಬಹುದೇ ಎಂಬಂತೆ. ನಾನು ತಲೆ ಆಡಿಸುವಷ್ಟರಲ್ಲಿ ಹುಡುಗಿ ನೆಲದಲ್ಲಿದ್ದಳು.

ಎದ್ದು ಮೊಣಕಾಲು ಒರೆಸಿಕೊಂಡು ಗೆರೆಯ ಕಡೆ ತಿರುಗಿ ಕೂಗಿದಳು: “ಅಪ್ಪಾ, ಎಂತ ಸುಮ್ಮನೆ ನಿಂತದ್ದು? ಹೇಳಿ ಮಾರಾಯ್ರೆ!”

ಗೋಡೆಯಾಚೆ ಎಲ್ಲರೂ ನಕ್ಕರು. ಅಪ್ಪನೂ ನಕ್ಕರು. “ಆಯ್ತು ಮಗಾ” ಎಂದರು, ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳದಷ್ಟು ಮೆಲ್ಲಗೆ. ಚೆಂಡು ಮತ್ತೆ ಆಕೆಯ ಕಡೆಗೆ ಬಂತು. ಅವರು ಮತ್ತೆ ನನ್ನ ಮುಖ ನೋಡಿದರು.