ನಬೀಸಾಬರ ಮೂಗು

ಮುಂಬೈನ ಭಾಂಡುಪ್ ಸ್ಟೇಷನ್ ಹತ್ತಿರ ನಬೀಸಾಬರ ರೇಡಿಯೊ, ಆಂಪ್ಲಿಫೈಯರ್ ರಿಪೇರಿ ಅಂಗಡಿ. ಅವರು ವಿಜಯಪುರದವರು, ನಾನು ಧಾರವಾಡದ ಶೆಟ್ಟೆಪ್ಪ, ರಿಟೈರಾದವನು. ಬಾಯಿತುಂಬ ಕನ್ನಡ ಆಡಲು ಸಿಗುತ್ತದೆಂದೇ ದಿನಾ ಹೋಗಿ ಅಲ್ಲಿ ಕೂರುತ್ತೇನೆ.

ಕೆಟ್ಟ ಆಂಪ್ಲಿಫೈಯರ್ ಬಂದರೆ ನಬೀಸಾಬರು ಕಾದ ಸೋಲ್ಡರಿಂಗ್ ಐರನ್ನನ್ನು ಒಳಗಿನ ಕೆಪಾಸಿಟರ್ ಎಂಬ ಪುಟ್ಟ ಡಬ್ಬಿಯ ಬುಡಕ್ಕೆ ಮುಟ್ಟಿಸಿ ಮೂಸುತ್ತಿದ್ದರು. ಕೊಳೆತ ಮೀನಿನ ವಾಸನೆ ಬಂದರೆ ಒಳಗಿನ ದ್ರವ ಸೋರಿದೆ ಎಂದರ್ಥ. ಬರದಿದ್ದರೆ ಬುಡದ ಕಂದು ಕಲೆ, ಡಬ್ಬಿ ಅಲುಗಾಡದಿರಲಿ ಎಂದು ಕಂಪನಿಯವರೇ ಹಚ್ಚಿದ ಗೋಂದು. ನೋಡಲಿಕ್ಕೆ ಎರಡೂ ಒಂದೇ ಕಂದು.

ಆ ಹಾಳು ಕೊರೊನಾ ಅವರ ಮೂಗನ್ನೇ ಕೆಡಿಸಿ ಹೋಯಿತು. ಬಿರಿಯಾನಿಯೂ ಒಂದೇ, ಫಿನಾಯಿಲೂ ಒಂದೇ! ನಶ್ಯ ಏರಿಸಿ ಏರಿಸಿ ನನ್ನ ಮೂಗಂತೂ ಎಂದೋ ಸತ್ತಿದೆ.

ಮೊನ್ನೆ ನಮ್ಮ ಭಜನಾ ಮಂಡಳಿಯ ಆಂಪ್ಲಿಫೈಯರ್ ಗುಂಯ್ ಎನ್ನತೊಡಗಿತು. ನಬೀಸಾಬರು ಕಂದು ಕಂಡಲ್ಲೆಲ್ಲ ಕಿತ್ತು ಹೊಸದು ಹಾಕಿದರು. ಗುಂಯ್ ನಿಲ್ಲಲಿಲ್ಲ. ಕಿತ್ತವನ್ನು ಮೀಟರಿಗೆ ಹಚ್ಚಿದರೆ ಎಲ್ಲವೂ ಗಟ್ಟಿಮುಟ್ಟು. ಗೋಂದು ನೋಡಿ ಮೋಸಹೋಗಿದ್ದರು.

“ಸಾಕಾತು ಶೆಟ್ಟೆಪ್ಪಣ್ಣ. ಬಾಜೂದ ಹಿತೇಶ್ ಈ ಜಾಗಾ ಕೇಳಾಕತ್ತಾನ. ಮೊಬೈಲ್ ಕವರ್ ಮಾರ್ಕೊಳ್ಳಲಿ, ಕೊಟ್ಟಬಿಡ್ತೀನಿ” ಎಂದರು.

ನನಗೆ ಮೈಯೆಲ್ಲ ಉರಿಯಿತು. “ಹುಚ್ಚ ಹಿಡದೈತೇನ್ ನಿಮಗ? ಮನ್ಯಾಗ ಕುಂತು ಗ್ವಾಡಿ ನೋಡ್ತೀರೇನು?”

ನಬೀಸಾಬರು ಆಂಪ್ಲಿಫೈಯರಿನ ಕಡೆಗೇ ಬಗ್ಗಿದರು. ಹಳೆಯ ಚಟ, ಕೈಯಲ್ಲಿದ್ದ ಐರನ್ ಟ್ರಾನ್ಸ್‌ಫಾರ್ಮರಿನ ಪಕ್ಕದ ಇನ್ನೊಂದು ಕೆಪಾಸಿಟರಿಗೆ ಮುಟ್ಟಿತು. ಅದರ ಸುತ್ತ ಕಂದಿನ ಸುಳಿವೇ ಇರಲಿಲ್ಲ.

ಆ ಹೊತ್ತಿಗೆ ಅವರ ಹೆಂಡತಿ ಬೀಬೀಜಾನ ಊಟದ ಡಬ್ಬಿ ಹಿಡಿದು ಒಳಗೆ ಬಂದವರೇ ಸೆರಗು ಮೂಗಿಗೆ ಒತ್ತಿಕೊಂಡರು. “ಥೂ, ಏನ್ರೀ ಇದು! ಕೊಳೆತ ಮೀನ ಯಾರ್ ತಂದಿಟ್ಟಾರ ಇಲ್ಲಿ?”

ನಬೀಸಾಬರು ಗಡಬಡಿಸಿ ಅದನ್ನು ಕಿತ್ತರು. ಬುಡದಡಿ ಅಂಟಂಟು ತೇವ! ಸ್ಪಿರಿಟ್ ಹಾಕಿ ತಿಕ್ಕಿ, ಮೈನಸ್ ಗೆರೆ ನೋಡಿ ಹೊಸದು ಕೂರಿಸಿದರು. ಸ್ವಿಚ್ ಹಾಕಿದರೆ ಗುಂಯ್ ಮಾಯ. ಖುಷಿಗೆ ನಾನು ಕುಣಿಯುವುದೊಂದೇ ಬಾಕಿ.

ಬೀಬೀಜಾನ ಮಾತ್ರ ಗಂಡನ ಮುಖವನ್ನೇ ನೋಡುತ್ತಿದ್ದರು. “ಇಷ್ಟು ನಾರೂದು ನಿಮಗ ಗೊತ್ತಾಗ್ಲಿಲ್ಲ? ವಾಸನಿ ತಿರುಗಿ ಬಂತು ಅಂದಿದ್ದು ಸುಳ್ಳೇನ್ರೀ? ನನ್ನ ಸಾರು ಘಮಘಮ ಅಂತೈತಿ ಅಂತಿದ್ರಿ ದಿನಾ, ಅದೂ?”

“ನಿನಗ ಬ್ಯಾಸರ ಆಗಬಾರದಂತ...” ನಬೀಸಾಬರು ತಲೆ ತಗ್ಗಿಸಿದರು.

ಬೀಬೀಜಾನ ಕಣ್ಣೊರೆಸಿಕೊಂಡರು. ಮೂಲೆಯ ಸ್ಪೀಕರ್ ಪೆಟ್ಟಿಗೆಯನ್ನು ಮೇಜಿನ ಬಳಿಗೆ ಎಳೆದು ಅದರ ಮೇಲೆ ಕುಳಿತರು.

“ಮುಂದಿಂದು ಯಾವ್ದೈತಿ? ಇತ್ತ ತರ್ರಿ, ನಾ ಮೂಸ್ತೀನಿ.”